ಬಹುಮಾನದ ಪುಸ್ತಕಗಳು

ನವೆಂಬರ್ ಬಂತೆಂದರೆ ನಮ್ಮ ದೇವಾಲಯದ ಸ್ತ್ರೀಯರ ಕೂಟದಲ್ಲಿ ಎರಡು ವಿಷಯಗಳ ಚರ್ಚೆ ಶುರುವಾಗುತ್ತದೆ. ಒಂದು, ಕ್ರಿಸ್‌ಮಸ್ಸಿನ ಕಜ್ಜಾಯ, ಚಕ್ಕುಲಿಗಳನ್ನು ಯಾರ ಮನೆಯಲ್ಲಿ ಮಾಡುವುದು ಎಂಬುದು. ಇನ್ನೊಂದು, ಸಂಡೇ ಸ್ಕೂಲಿನ ಮಕ್ಕಳಿಗೆ ಬಹುಮಾನವಾಗಿ ಏನು ಕೊಡುವುದು ಎಂಬುದು. ಮೊದಲನೆಯದು ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಎರಡನೆಯದು ಮೂರು ಭಾನುವಾರ ಎಳೆಯುತ್ತದೆ. ಸ್ಟೀಲ್ ಲೋಟ ಎನ್ನುವವರಿದ್ದಾರೆ, ಟಿಫಿನ್ ಡಬ್ಬಿ ಎನ್ನುವವರಿದ್ದಾರೆ. "ಪುಸ್ತಕ ಕೊಡೋಣ" ಎಂದು ನಾನು ಪ್ರತಿ ವರ್ಷವೂ ಹೇಳುತ್ತೇನೆ. "ಸರಿ ಟೀಚರಮ್ಮ, ಹಾಗಾದ್ರೆ ನೀವೇ ಆರಿಸಿಕೊಂಡು ಬನ್ನಿ" ಎಂದು ಉಳಿದವರು ಕೈ ತೊಳೆದುಕೊಳ್ಳುತ್ತಾರೆ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳಿಗೆ ಇಂಥ ಕೆಲಸಗಳು ತಪ್ಪುವುದಿಲ್ಲ ಅನ್ನಿ.

ಮೊದಮೊದಲು ಈ ಕೆಲಸವನ್ನು ನಾನು ಬಹಳ ಹಗುರವಾಗಿ ಮಾಡುತ್ತಿದ್ದೆ. ಹೊದಿಕೆ ಚೆನ್ನಾಗಿರಬೇಕು, ಬೆಲೆ ಹತ್ತು ಹದಿನೈದು ರೂಪಾಯಿ ಮೀರಬಾರದು, ಮೂವತ್ತು ಪ್ರತಿ ಒಟ್ಟಿಗೆ ಸಿಗಬೇಕು. ಇಷ್ಟೇ ನನ್ನ ವಿಮರ್ಶೆಯ ಮಾನದಂಡ. ಹಾಗೆ ಒಂದು ವರ್ಷ ಕುರಿಮರಿಯ ಚಿತ್ರವಿದ್ದ ಬಣ್ಣದ ಪುಸ್ತಿಕೆಯೊಂದನ್ನು ಆರಿಸಿ ತಂದೆ. ಒಳಗೆ ತೆರೆದೂ ನೋಡಲಿಲ್ಲ. ಕುರಿಮರಿ ಇದ್ದ ಮೇಲೆ ಒಳಗೆ ಇನ್ನೇನಿರುತ್ತದೆ?

ಬಹುಮಾನ ಹಂಚಿ ಒಂದು ವಾರವಾಗಿರಬೇಕು. ನಡುರಾತ್ರಿ ನನ್ನ ಮಗ್ಗುಲಲ್ಲಿ ಮಲಗಿದ್ದ ಮೊಮ್ಮಗಳು ಎದ್ದು ಕೂತಿದ್ದಳು. ಆಗ ಅವಳಿಗೆ ಎಂಟು ವರ್ಷ. ಮೈ ಬೆವೆತಿತ್ತು. "ಅಜ್ಜೀ, ಬೆಳಿಗ್ಗೆ ನಾನು ಅಮ್ಮಂಗೆ ಸುಳ್ಳು ಹೇಳ್ದೆ. ಹಾಲು ಕುಡಿದೆ ಅಂದೆ, ಗಿಡಕ್ಕೆ ಹಾಕಿದ್ದೆ. ಈಗ ರಾತ್ರಿ ಸತ್ತೋದ್ರೆ ನನ್ನ ಬೆಂಕೀಗೆ ಹಾಕ್ತಾರಾ?" ಎಂದು ಕೇಳಿದಳು. ದೀಪ ಹಾಕಿ ನೋಡಿದರೆ ದಿಂಬಿನ ಕೆಳಗೆ ಅದೇ ಪುಸ್ತಿಕೆ. ಕುರಿಮರಿ ಹೊದಿಕೆಗೆ ಮಾತ್ರ. ಒಳಗಿನ ಆರನೆಯ ಪುಟದಲ್ಲಿ ಉರಿಯುವ ಜ್ವಾಲೆ, ಜ್ವಾಲೆಯ ಮಧ್ಯೆ ಕೈಯೆತ್ತಿ ಕೂಗುತ್ತಿರುವ ಒಂದು ಹುಡುಗಿ, ಕೆಳಗೆ ದಪ್ಪ ಅಕ್ಷರದಲ್ಲಿ ಎಚ್ಚರಿಕೆ. ಆ ಹುಡುಗಿಗೂ ನನ್ನ ಮೊಮ್ಮಗಳ ಹಾಗೆಯೇ ಎರಡು ಜಡೆ.

ಅಚ್ಚು ಹಾಕಿದವರ ಹೆಸರು ಇಲ್ಲಿ ಬೇಡ. ಅದನ್ನು ಮಗುವಿನ ಕೈಗೆ ಕೊಟ್ಟವಳು ನಾನೇ ತಾನೆ! ಅವಳೊಬ್ಬಳೇ ಅಲ್ಲ, ಇನ್ನೂ ಇಪ್ಪತ್ತೊಂಬತ್ತು ಮನೆಗಳಲ್ಲಿ ಎಷ್ಟು ಮಕ್ಕಳು ಹಾಗೆ ಎದ್ದು ಕೂತಿದ್ದವೋ ಎಂದು ನನಗೆ ಬೆಳಗಿನವರೆಗೆ ನಿದ್ದೆ ಬರಲಿಲ್ಲ. ಅಂದಿನಿಂದ ಓದದೆ ಯಾವ ಪುಸ್ತಕವನ್ನೂ ಯಾರಿಗೂ ಕೊಡುವುದಿಲ್ಲ ಎಂದು ನಿಶ್ಚಯ ಮಾಡಿದೆ. ಹೀಗೆ ಕೊಂಡದ್ದು, ಎರವಲು ತಂದದ್ದು, ಕೂಟಗಳಲ್ಲಿ ಪುಕ್ಕಟೆ ಹಂಚಿದ್ದು, ದೊಡ್ಡವರದ್ದು, ಮಕ್ಕಳದ್ದು ಎಂದು ಬಹಳಷ್ಟು ಕ್ರೈಸ್ತ ಪುಸ್ತಕಗಳನ್ನು ಓದಬೇಕಾಗಿ ಬಂತು. ಓದಿದ ಮೇಲೆ ಅನ್ನಿಸಿದ್ದನ್ನು ಹೇಳದಿದ್ದರೆ ಹೇಗೆ? ನೀವು ಚರ್ಚಿಗೆ ಹೋಗುವವರಲ್ಲದಿದ್ದರೂ ಓದಿ ನೋಡಿ. ನಿಮ್ಮ ಮನೆಯ ದೇವರ ಗೂಡಿನಲ್ಲಿರುವ ಪುಸ್ತಕಗಳನ್ನೂ ಒಮ್ಮೆ ತೆರೆದು ನೋಡಬೇಕು ಅನ್ನಿಸಿದರೆ ಆಶ್ಚರ್ಯವಿಲ್ಲ.

ಮೊದಲು ಪುಸ್ತಕ ಸಿಗುವ ಕಷ್ಟ. ತುಮಕೂರೇನು ಚಿಕ್ಕ ಊರಲ್ಲ. ಚರ್ಚ್ ಸರ್ಕಲ್ ಎಂದೇ ಒಂದು ವೃತ್ತವಿದೆ. ಆದರೆ ಎಂ.ಜಿ. ರಸ್ತೆಯ ಪುಸ್ತಕದಂಗಡಿಗಳಲ್ಲಿ ಗೈಡುಗಳು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಅವುಗಳ ಹಿಂದೆ ಒಂದು ಸಾಲು ಭೈರಪ್ಪ, ತೇಜಸ್ವಿ. "ಯೇಸುವಿನ ಬಗ್ಗೆ ಮಕ್ಕಳಿಗೆ ಓದೋಕೆ ಏನಾದ್ರೂ ಇದೆಯಾ?" ಎಂದು ಕೇಳಿದೆ. ಅಂಗಡಿಯ ಹುಡುಗ ಪಾಪ, ಒಳ್ಳೆಯ ಮನಸ್ಸಿನವನು. ಎಲ್ಲ ಕಡೆ ಹುಡುಕಿ, "ಕ್ಯಾಲೆಂಡರ್ ಇದೆ ಮೇಡಂ, ಕೊಡ್ಲಾ?" ಎಂದ. ಹೀಗಾಗಿ ನಮ್ಮವರಿಗೆ ಪುಸ್ತಕ ಸಿಗುವುದು ಎರಡೇ ದಾರಿಯಲ್ಲಿ. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕೂಟಗಳಲ್ಲಿ ಬಾಗಿಲ ಬಳಿ ಹಾಕುವ ಮೇಜು ಒಂದು. ಬೆಂಗಳೂರಿಗೆ ಹೋದವರ ಚೀಲ ಇನ್ನೊಂದು.

ಆ ಮೇಜಿನ ಮೇಲಿನ ಪುಸ್ತಕಗಳಲ್ಲಿ ಬಹುಪಾಲು ಅನುವಾದ. ಅನುವಾದವೆಂದು ಮೂಗು ಮುರಿಯುವವಳಲ್ಲ ನಾನು. ನಮ್ಮ ಸತ್ಯವೇದವೇ ಅನುವಾದ. ಬಳ್ಳಾರಿಯಲ್ಲಿ ಕೂತು ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದ ಮೇಲೆ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಆಮೇಲೆ ಎಷ್ಟೋ ಜನ ತಿದ್ದಿದರು. ಅದರ ಕೆಲವು ಮಾತುಗಳು ಇವತ್ತಿಗೂ ಗಟ್ಟಿಯಾಗಿ ನಾಲಿಗೆಯ ಮೇಲೆ ನಿಲ್ಲುತ್ತವೆ. ಹೊಸ ಅನುವಾದಗಳದ್ದು ಬೇರೆ ಕತೆ. ಇಂಗ್ಲಿಷಿನ ಒಂದು ವಾಕ್ಯವನ್ನು ಹಾಗೇ ಎತ್ತಿ ಕನ್ನಡದ ಬಟ್ಟೆ ತೊಡಿಸಿರುತ್ತಾರೆ. ಕರ್ತೃ ಮೊದಲ ಸಾಲಿನಲ್ಲಿ, ಕ್ರಿಯಾಪದ ಐದನೆಯ ಸಾಲಿನಲ್ಲಿ. ನಡುವೆ ಜಯೋತ್ಸಾಹಭರಿತ, ಅಭಿಷೇಕಪೂರ್ಣ, ಕೃಪಾಸಂಪನ್ನ ಎಂಬ ಪದಗಳು ಮದುವೆಮನೆಯ ನೆಂಟರ ಹಾಗೆ ದಾರಿಗಡ್ಡ ನಿಂತಿರುತ್ತವೆ. ಶಾಲೆಯಲ್ಲಿ ಮಕ್ಕಳು ಇಂಥ ವಾಕ್ಯ ಬರೆದಿದ್ದರೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದೆ. ಪ್ರಾರ್ಥನೆಯ ಬಗ್ಗೆ ಬರೆದ ಪುಸ್ತಕದಲ್ಲಿ ಹೀಗಿದ್ದರೆ, ಓದಿದ ಹೆಂಗಸು ತನ್ನ ಮನೆಮಾತಿನಲ್ಲಿ ದೇವರ ಹತ್ತಿರ ಮಾತಾಡಲು ನಾಚಿಕೊಳ್ಳುತ್ತಾಳೆ. ತನಗೆ ಆ ಭಾಷೆ ಬರುವುದಿಲ್ಲವಲ್ಲ ಎಂದುಕೊಳ್ಳುತ್ತಾಳೆ. ನಾನು ಕಂಡಿದ್ದೇನೆ. ನಮ್ಮ ಕೂಟದಲ್ಲಿ ತರಕಾರಿ ಮಾರುವ ಒಬ್ಬಾಕೆ ಮೊದಲು ಅಳುತ್ತಾ, ನಗುತ್ತಾ ಎಷ್ಟು ಚೆನ್ನಾಗಿ ಪ್ರಾರ್ಥನೆ ಮಾಡುತ್ತಿದ್ದರು! ಯಾರೋ ಒಂದು ಪುಸ್ತಕ ಕೊಟ್ಟರು. ಈಗ ಆಕೆ ಬಾಯಿ ತೆರೆದರೆ ಆ ಪುಸ್ತಕದ ಸಾಲುಗಳೇ ಬರುತ್ತವೆ.

ಅನುವಾದ ಹೀಗೇ ಇರಬೇಕಾಗಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಹುಟ್ಟಿದವರು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರ 'ಕರುಣಾಳು ಬಾ ಬೆಳಕೆ' ಗೊತ್ತಿಲ್ಲದ ಕನ್ನಡಿಗರುಂಟೆ? ಅದನ್ನು ನಾನು ಶಾಲೆಯ ಪ್ರಾರ್ಥನೆಯಲ್ಲಿ ಹಾಡಿಸಿದ್ದೇನೆ, ಮದುವೆಮನೆಯಲ್ಲಿ ಕೇಳಿದ್ದೇನೆ, ಸಾವಿನ ಮನೆಯಲ್ಲೂ ಕೇಳಿದ್ದೇನೆ. ಅದು ಜಾನ್ ಹೆನ್ರಿ ನ್ಯೂಮನ್ ಎಂಬ ಪಾದ್ರಿ 1833ರಲ್ಲಿ, ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಊರಿಗೆ ಮರಳುವಾಗ ಹಡಗಿನಲ್ಲಿ ಬರೆದ ಕ್ರೈಸ್ತ ಕೀರ್ತನೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ನಂಬದಿರುವುದೇ ಅನುವಾದಕರ ಗೆಲುವು. ಅದರಲ್ಲಿ ಒಂದು ಕಡೆಯೂ ಉಪದೇಶವಿಲ್ಲ. ದಾರಿ ತಪ್ಪಿದವನೊಬ್ಬ ಕತ್ತಲಲ್ಲಿ ಕೈ ಚಾಚುತ್ತಾನೆ, ಅಷ್ಟೆ. ನಮ್ಮ ಮೇಜಿನ ಮೇಲಿನ ನೂರು ಪುಟಗಳ ಪುಸ್ತಕಗಳು ಮಾಡಲಾಗದ್ದನ್ನು ಆ ಒಂದು ಹಾಡು ಮಾಡುತ್ತದೆ.

ಇನ್ನು ಗುಬ್ಬಿಯ ಮಾತಿಗೆ ಬರುತ್ತೇನೆ. ಅದು ನನ್ನ ತವರು. ಗುಬ್ಬಿ ಎಂದರೆ ನಿಮಗೆ ವೀರಣ್ಣನವರ ನಾಟಕ ಕಂಪನಿಯ ನೆನಪಾಗುತ್ತದೆ, ಸಹಜ. ಆದರೆ ಆ ಕಂಪನಿಗೂ ಮೊದಲೇ, 1830ರ ದಶಕದಲ್ಲೇ, ವೆಸ್ಲಿಯನ್ ಮಿಶನ್ನಿನವರು ಗುಬ್ಬಿಗೆ ಬಂದಿದ್ದರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ಹುಡುಗ ಬಂದು ಅಲ್ಲಿದ್ದು, ಕನ್ನಡ ಕಲಿತು, ಆರೋಗ್ಯ ಕೆಟ್ಟು ಎರಡೇ ವರ್ಷಕ್ಕೆ ಊರಿಗೆ ಹಿಂತಿರುಗಿದ. ಹೋದವನು 1847ರಲ್ಲಿ 'ಎ ಮಿಶನ್ ಟು ದ ಮೈಸೂರ್' ಎಂದು ಒಂದು ದಪ್ಪ ಪುಸ್ತಕವನ್ನೇ ಬರೆದ. ನಮ್ಮ ಸೀಮೆಯ ಜನ, ದಾರಿ, ಆಚಾರ ಎಲ್ಲದರ ಬಗ್ಗೆ ಬರೆದ. ಓದಿದವರು ಇಂಗ್ಲೆಂಡಿನವರು. ನಮ್ಮ ಮುತ್ತಜ್ಜಿಯರ ಬಗ್ಗೆ ಅಲ್ಲಿನ ಅಜ್ಜಿಯರು ಬೆಂಕಿ ಕಾಯಿಸುತ್ತಾ ಓದಿರಬಹುದು ಎಂದುಕೊಂಡರೆ ನನಗೆ ನಗು ಬರುತ್ತದೆ.

ಗುಬ್ಬಿಯ ನಮ್ಮ ಅಜ್ಜಿಯ ಟ್ರಂಕಿನಲ್ಲಿ ಮೂರೇ ಪುಸ್ತಕಗಳಿದ್ದವು: ಸತ್ಯವೇದ, ಕೀರ್ತನೆ ಪುಸ್ತಕ, ಹೊದಿಕೆ ಕಿತ್ತುಹೋದ 'ಯಾತ್ರಿಕನ ಸಂಚಾರ'. ಇಂಗ್ಲಿಷಿನಲ್ಲಿ ಜಾನ್ ಬನ್ಯನ್ ಬರೆದದ್ದು, 1678ರಲ್ಲಿ ಅಚ್ಚಾದದ್ದು. ಕನ್ನಡಕ್ಕೆ ಬಾಸೆಲ್ ಮಿಶನ್ನಿನವರು 1847ರಲ್ಲಿ ತಂದರು. ಬನ್ಯನ್ ದೊಡ್ಡ ಪಂಡಿತನಲ್ಲ. ತೂತುಬಿದ್ದ ಪಾತ್ರೆಗಳಿಗೆ ತೇಪೆ ಹಾಕುವ ಕಸುಬಿನವನು. ಅಪ್ಪಣೆಯಿಲ್ಲದೆ ಬೋಧನೆ ಮಾಡಿದನೆಂದು ಹನ್ನೆರಡು ವರ್ಷ ಸೆರೆಮನೆಯಲ್ಲಿದ್ದ. ಅದಕ್ಕೇ ಇರಬೇಕು, ಆ ಪುಸ್ತಕದ ತುಂಬ ಕೆಸರು, ಗುಡ್ಡ, ಸಂತೆ, ಬಾಗಿಲು, ಬೀಗದ ಕೈ. ಪಾಪವೆಂದರೆ ಬೆನ್ನ ಮೇಲಿನ ಗಂಟು. ನಿರಾಶೆಯೆಂದರೆ ಕೋಟೆ ಕಟ್ಟಿಕೊಂಡಿರುವ ಒಬ್ಬ ರಾಕ್ಷಸ. ಅಜ್ಜಿ ಲಾಟೀನಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರೆ ನಾವು ಐದಾರು ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಅಲ್ಲೂ ಹೆದರಿಕೆ ಇತ್ತು. ಆದರೆ ರಾಕ್ಷಸನ ಸೆರೆಮನೆಯ ಬೀಗದ ಕೈ ಯಾತ್ರಿಕನ ಎದೆಯ ಹತ್ತಿರವೇ ಮೊದಲಿನಿಂದ ಇರುತ್ತದೆ. ಅವನಿಗೆ ಮರೆತಿರುತ್ತದೆ, ಅಷ್ಟೆ. ಹೆದರಿಸಿ ಬಿಟ್ಟುಹೋಗುವ ಪುಸ್ತಕಕ್ಕೂ ಹೆದರಿಕೆಯ ಮಧ್ಯೆ ಕೈ ಹಿಡಿಯುವ ಪುಸ್ತಕಕ್ಕೂ ಇರುವ ವ್ಯತ್ಯಾಸ ನನಗೆ ಆಗ ತಿಳಿದಿರಲಿಲ್ಲ. ಆದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಆ ಪುಸ್ತಕದ ಮೇಲೆ ನನಗೊಂದು ತಕರಾರೂ ಇತ್ತು. ಯಾತ್ರಿಕ ಹೆಂಡತಿ ಮಕ್ಕಳನ್ನು ಬಿಟ್ಟು, ಅವರು ಕೂಗಿದರೆ ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. "ಅವಳ ಗತಿ ಏನಜ್ಜೀ?" ಎಂದು ನಾನು ಕೇಳಿದ್ದೆ. ಅಜ್ಜಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿ, "ಸೌದೆಗೆ ಯಾರು ಹೋಗ್ತಿದ್ರೋ ಕಣೇ" ಎಂದರು. ಅಜ್ಜಿಗೆ ಇಪ್ಪತ್ತಾರನೆಯ ವಯಸ್ಸಿಗೆ ಗಂಡ ಹೋಗಿದ್ದ. ಅವರ ಪ್ರತಿಯಲ್ಲಿ ಇದ್ದದ್ದು ಮೊದಲ ಭಾಗ ಒಂದೇ. ಬನ್ಯನ್ 1684ರಲ್ಲಿ ಎರಡನೆಯ ಭಾಗ ಬರೆದ, ಅದರಲ್ಲಿ ಅದೇ ಹೆಂಡತಿ ತನ್ನ ನಾಲ್ಕು ಗಂಡುಮಕ್ಕಳನ್ನೂ ಪಕ್ಕದ ಮನೆಯ ಹುಡುಗಿಯೊಬ್ಬಳನ್ನೂ ಕರೆದುಕೊಂಡು ಅದೇ ದಾರಿಯಲ್ಲಿ ಹೊರಡುತ್ತಾಳೆ ಎಂಬುದು ನನಗೆ ನಲವತ್ತು ದಾಟಿದ ಮೇಲೆ ಇಂಗ್ಲಿಷ್ ಪ್ರತಿ ಸಿಕ್ಕಾಗ ತಿಳಿಯಿತು.

ಆ ಎರಡನೆಯ ಭಾಗವನ್ನು ನೀವು ಓದಬೇಕು. ಮೊದಲನೆಯದರಲ್ಲಿ ಗಂಡಸು ಒಬ್ಬನೇ ಓಡಿ, ಹೋರಾಡಿ, ಗೆಲ್ಲುತ್ತಾನೆ. ಇದರಲ್ಲಿ ಹೆಂಗಸರು, ಮಕ್ಕಳು, ಮುದುಕರು ಗುಂಪಾಗಿ ನಿಧಾನವಾಗಿ ನಡೆಯುತ್ತಾರೆ. ದಾರಿಯ ಮಗ್ಗುಲ ಗೋಡೆಯಿಂದ ಈಚೆಗೆ ಬಾಗಿದ ಕೊಂಬೆಯ ಹಣ್ಣನ್ನು ಹುಡುಗರು ಕಿತ್ತು ತಿನ್ನುತ್ತಾರೆ, ತಾಯಿ ಬೈಯುತ್ತಾಳೆ, ಎಷ್ಟೋ ದಿನದ ಮೇಲೆ ದೊಡ್ಡವನಿಗೆ ಹೊಟ್ಟೆನೋವು ಬಂದು ವೈದ್ಯನನ್ನು ಕರೆಸಬೇಕಾಗುತ್ತದೆ. ಕಾಯಿಲೆಯ ಮೂಲ ಆ ಹಣ್ಣು! ನಡುವೆ ಮದುವೆಯೂ ಆಗುತ್ತದೆ. ನಿರಾಶೆಯ ರಾಕ್ಷಸನನ್ನು ಕೊಂದ ದಿನ ಎಲ್ಲರೂ ಕುಣಿಯುತ್ತಾರೆ. ಊರುಗೋಲಿನ ಕುಂಟನೊಬ್ಬ, ಸದಾ ಹೆದರುವ ಒಬ್ಬ ಹುಡುಗಿಯ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಊರುಗೋಲು ಹಿಡಿದೇ ಕುಣಿಯುತ್ತಾನೆ. ಅದನ್ನು ಓದಿದಾಗ ನನಗೆ ಅಜ್ಜಿ ಇರಬೇಕಿತ್ತು ಅನ್ನಿಸಿತು. ವಿಮರ್ಶಕರು ಮೊದಲ ಭಾಗವನ್ನೇ ದೊಡ್ಡದೆನ್ನುತ್ತಾರೆ. ಇರಬಹುದು. ಅಡುಗೆಮನೆಯಿಂದ ನೋಡಿದರೆ ಎರಡನೆಯದೇ ದೊಡ್ಡದು.

ಈಗ ಹೇಳಲು ಕಷ್ಟವಾದ ಮಾತು. ಕುಣಿಗಲ್ಲಿನಲ್ಲಿ ನನ್ನ ನಾದಿನಿ ಇದ್ದಾಳೆ. ಅವಳ ಒಬ್ಬನೇ ಮಗ, ಇಪ್ಪತ್ತೆರಡು ವರ್ಷದವನು, ಒಂದು ಬೆಳಿಗ್ಗೆ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಹೋಗಿಬಿಟ್ಟ. ಮಣ್ಣಾದ ಮೇಲೆ ಬಂದವರಲ್ಲಿ ಹಲವರು ಸಮಾಧಾನಕ್ಕೆಂದು ಪುಸ್ತಕಗಳನ್ನು ತಂದುಕೊಟ್ಟಿದ್ದರು. ಹೆಬ್ಬೂರಿನ ಮೇಲೆ ಬಸ್ಸಿನಲ್ಲಿ ನಾನು ತಿಂಗಳಿಗೆರಡು ಸಲ ಹೋಗುತ್ತಿದ್ದೆ. ಒಂದು ದಿನ ಹೋದಾಗ ಅವಳು ಅಂಥ ಪುಸ್ತಕವೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಅತ್ತಿಗೆ, ಅವತ್ತು ನಾನು ಪ್ರಾರ್ಥನೆ ಮಾಡ್ದೆ ಹಾಲು ತರೋಕೆ ಹೋದೆ. ಬಂದು ಮಾಡೋಣ ಅಂದ್ಕೊಂಡೆ. ಅಷ್ಟರಲ್ಲಿ ಅವನು ಹೊರಟ್ಬಿಟ್ಟಿದ್ದ. ಅದಕ್ಕೇನಾ?" ಎಂದಳು.

ಪುಸ್ತಕ ಇಸಿದುಕೊಂಡು ನೋಡಿದೆ. ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ ಪುಟ. ಮನೆಯಲ್ಲಿ ಪ್ರಾರ್ಥನೆಯ ಬೇಲಿ ಸಡಿಲವಾದಾಗ ಅಕಾಲ ಮರಣ ಒಳಗೆ ಬರುತ್ತದೆ ಎಂಬ ಅರ್ಥದ ಮಾತು. ಬರೆದವರು ಎಲ್ಲೋ ತಣ್ಣಗೆ ಕೂತು ಬರೆದಿರುತ್ತಾರೆ. ಅದು ಕುಣಿಗಲ್ಲಿನ ಒಂದು ನಡುಮನೆಯಲ್ಲಿ, ಮಗನ ಫೋಟೋ ಕೆಳಗೆ ಕೂತ ತಾಯಿಯ ಮಡಿಲಿಗೆ ಹೋಗಿ ಬೀಳುತ್ತದೆ ಎಂದು ಅವರಿಗೆ ಹೊಳೆದಿರುವುದಿಲ್ಲ. ಈ ಪುಸ್ತಕದ ಭಾಷೆ ಚೆನ್ನಾಗಿಯೇ ಇತ್ತು, ಅದನ್ನೂ ಹೇಳಬೇಕು. ಸರಾಗವಾದ ಕನ್ನಡ. ಅದಕ್ಕೇ ನೇರವಾಗಿ ಎದೆಗೆ ಹೊಕ್ಕಿತು.

ಇಂಥ ಪುಸ್ತಕಗಳಿಗೆ ಉತ್ತರ ಕೊಡಲು ನಾನು ಯಾವ ಪಂಡಿತರನ್ನೂ ಹುಡುಕಬೇಕಾಗಲಿಲ್ಲ. ಸತ್ಯವೇದದಲ್ಲೇ ಯೋಬನ ಪುಸ್ತಕವಿದೆ. ಹತ್ತು ಮಕ್ಕಳನ್ನೂ ಕಳೆದುಕೊಂಡ ಯೋಬನ ಹತ್ತಿರ ಮೂವರು ಸ್ನೇಹಿತರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿರುತ್ತಾರೆ. ಅಲ್ಲಿಯವರೆಗೆ ಅವರಂಥ ಒಳ್ಳೆಯವರಿಲ್ಲ. ಬಾಯಿ ತೆರೆದ ಮೇಲೆ ಶುರು: ನೀನೇ ಏನೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಯಾರ ಮೇಲೆ ಗೊತ್ತೆ? ದೇವರ ಪರವಾಗಿ ವಾದಿಸಿದ ಈ ಸ್ನೇಹಿತರ ಮೇಲೆ. ನೀವು ನನ್ನ ವಿಷಯದಲ್ಲಿ ಸರಿಯಾದುದನ್ನು ಆಡಲಿಲ್ಲ ಎಂಬಂತೆ ಅವರನ್ನು ಗದರಿಸುತ್ತಾನೆ. ಅತ್ತು, ಜಗಳವಾಡಿ, ಏಕೆ ಎಂದು ಕೇಳಿದ ಯೋಬನದೇ ಸರಿಯಾದ ಮಾತಾಗುತ್ತದೆ. ನಮ್ಮ ಸಮಾಧಾನದ ಪುಸ್ತಕಗಳಲ್ಲಿ ಬಹಳಷ್ಟು ಈ ಮೂವರು ಸ್ನೇಹಿತರೇ ಬರೆದಂತಿವೆ.

ನಾದಿನಿಗೆ ಅಂದು ನಾನು ಓದಿಹೇಳಿದ್ದು ಎಂಬತ್ತೆಂಟನೆಯ ಕೀರ್ತನೆ. ಕೀರ್ತನೆಗಳಲ್ಲಿ ಬಹಳಷ್ಟು ಅಳುವಿನಲ್ಲಿ ಶುರುವಾದರೂ ಸ್ತೋತ್ರದಲ್ಲಿ ಮುಗಿಯುತ್ತವೆ. ಇದೊಂದು ಹಾಗೆ ಮುಗಿಯುವುದಿಲ್ಲ. ಕತ್ತಲಲ್ಲೇ ನಿಂತುಹೋಗುತ್ತದೆ. ಓದಿ ಮುಗಿಸಿದಾಗ ಅವಳು, "ಮುಂದೆ?" ಎಂದಳು. "ಮುಂದೆ ಇಲ್ಲಮ್ಮ, ಇಷ್ಟೇ" ಎಂದೆ. "ಇಂಥದ್ದನ್ನೂ ಒಳಗೆ ಸೇರಿಸಿದ್ದಾರಾ?" ಎಂದು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಇನ್ನೊಮ್ಮೆ ಓದಿದಳು. ಅವಳು ಮಗ ಹೋದ ಮೇಲೆ ಗಟ್ಟಿಯಾಗಿ ಅತ್ತದ್ದು ಅದೇ ಮೊದಲ ಸಲ.

ಆಮೇಲೆ ಹೋದಾಗಲೆಲ್ಲ ನಾನು ಅವಳಿಗೆ ಲಕ್ಷ್ಮೀಬಾಯಿ ಟಿಳಕರ ಕತೆ ಹೇಳತೊಡಗಿದೆ. ಮರಾಠಿಯ 'ಸ್ಮೃತಿಚಿತ್ರೆ'ಯನ್ನು ನಾನು ಇಂಗ್ಲಿಷಿನಲ್ಲಿ ಓದಿದ್ದು. 1930ರ ದಶಕದಲ್ಲಿ ಬಂದ ಆತ್ಮಕತೆ. ಅದನ್ನು ಮರಾಠಿಯವರು ಕ್ರೈಸ್ತ ಪುಸ್ತಕವೆಂದು ಮೂಲೆಯಲ್ಲಿಟ್ಟಿಲ್ಲ, ತಮ್ಮ ಭಾಷೆಯ ಶ್ರೇಷ್ಠ ಆತ್ಮಕತೆಗಳಲ್ಲಿ ಒಂದೆಂದು ತಲೆಯ ಮೇಲಿಟ್ಟುಕೊಂಡಿದ್ದಾರೆ. ಮನೆಗೆ ತಂದ ಸಾಮಾನನ್ನೆಲ್ಲ ತೊಳೆಸುವ ಮಡಿಯ ಅಪ್ಪ, ಹೇಳದೆ ಕೇಳದೆ ಊರೂರು ಅಲೆಯುವ ಕವಿ ಗಂಡ. ಆ ಗಂಡ 1895ರಲ್ಲಿ ಕ್ರೈಸ್ತನಾದಾಗ ಆಕೆ ಜೊತೆಗೆ ಹೋಗಲಿಲ್ಲ. ಅತ್ತಳು, ಸಿಟ್ಟಾದಳು, ವರ್ಷಗಟ್ಟಲೆ ದೂರವಿದ್ದಳು. ತಾನೇ ಯೋಚಿಸಿ, ತನ್ನೊಳಗಿನ ಜಾತಿಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿಕೊಂಡು, 1900ರಲ್ಲಿ ದೀಕ್ಷಾಸ್ನಾನ ಪಡೆದಳು. ಗಂಡ ಸಾಯುವಾಗ ಅರ್ಧಕ್ಕೇ ಉಳಿದಿದ್ದ 'ಕ್ರಿಸ್ತಾಯನ' ಕಾವ್ಯವನ್ನು ಮುಂದುವರಿಸಿ ಬರೆದವಳೂ ಅವಳೇ. ಪುಸ್ತಕದ ತುಂಬ ನಗು ಇದೆ, ಗಂಡನ ಮೇಲಿನ ಪ್ರೀತಿಯಷ್ಟೇ ದೂರೂ ಇದೆ. ತಾನು ಮೂರ್ಖಳಾದದ್ದನ್ನು ತಾನೇ ಹೇಳಿಕೊಳ್ಳುತ್ತಾಳೆ. ನಾನು ಹೇಳುವಾಗ ನಾದಿನಿ ಎರಡು ಸಲ ನಕ್ಕಳು. ಲೆಕ್ಕ ಇಟ್ಟಿದ್ದೇನೆ.

ನಮ್ಮಲ್ಲಿ ಇಂಥದ್ದೊಂದು ಏಕೆ ಬರಲಿಲ್ಲ? ಹೇಳಿಕೊಳ್ಳಲು ನಮ್ಮ ಹೆಂಗಸರಿಗೆ ಕತೆಗಳಿರಲಿಲ್ಲವೆ? ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮದೇ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಮುಂದೆ ಕ್ರೈಸ್ತಳಾಗಿ, ಬೈಬಲನ್ನು ಒಬ್ಬಳೇ ಮರಾಠಿಗೆ ತಂದು, ಕೇಡಗಾಂವ್‌ನ ತನ್ನ ಆಶ್ರಮದ ಹೆಂಗಸರ ಕೈಯಲ್ಲೇ ಅಚ್ಚು ಮಾಡಿಸಿದಳು. ಅವಳ ಬರಹವೆಲ್ಲ ಮರಾಠಿ, ಇಂಗ್ಲಿಷ್. ಕನ್ನಡದ ಕ್ರೈಸ್ತರು ಭಾಷೆಗೆ ಕೊಟ್ಟದ್ದೇನೂ ಕಡಿಮೆಯಲ್ಲ. 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು ಶಾಲೆಯ ಮಕ್ಕಳಿಗೂ ಗೊತ್ತು. ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿ ಅಲೆದು ಕೂಡಿಸಿದ ಉತ್ತಂಗಿ ಚೆನ್ನಪ್ಪನವರು ಪಾದ್ರಿಗಳು. 1949ರ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆದರೆ ನಿಘಂಟನ್ನು ಮಡಿಲಲ್ಲಿಟ್ಟುಕೊಂಡು ಅಳಲಾಗುವುದಿಲ್ಲ. ಕಿಟ್ಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂದು ಪದ್ಯದಲ್ಲಿ ಬರೆದರು. ಆ ದಾರಿ ಒಳ್ಳೆಯದಿತ್ತು. ಹಿಂದೆ ನಡೆದವರು ಕಡಿಮೆ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿ ಹೇಳಿದ್ದಾರೆ. ದೊಡ್ಡ ಕಾವ್ಯ, ಎರಡು ಮಾತಿಲ್ಲ. ಆದರೆ ನಿಘಂಟಿಲ್ಲದೆ ನನಗೇ ಎರಡು ಪುಟ ದಾಟಲಾಗುವುದಿಲ್ಲ, ಇನ್ನು ಮೊಮ್ಮಗಳಿಗೆ ಏನು ಓದಲಿ?

ಮೊಮ್ಮಗ ಮೊಮ್ಮಗಳ ಕಾಲದ ಇನ್ನೊಂದು ತೊಡಕೆಂದರೆ ಅವರಿಗೆ ಕನ್ನಡ ಓದುವುದೇ ಕಷ್ಟ. ಇಂಗ್ಲಿಷ್ ಶಾಲೆ. ಒತ್ತಕ್ಷರ ಬಂದರೆ ಮುಗ್ಗರಿಸುತ್ತಾರೆ. ಹಾಗೆಂದು ಇಂಗ್ಲಿಷಿನ ಚಿತ್ರದ ಬೈಬಲ್ಲುಗಳನ್ನು ಕೊಡೋಣವೆಂದರೆ ಯೇಸುವಿಗೆ ಜೇನಿನ ಬಣ್ಣದ ಕೂದಲು, ನೀಲಿ ಕಣ್ಣು. "ಇವರು ಫಾರಿನ್ನಾ ಅಜ್ಜಿ?" ಎಂದು ಕೇಳಿದ ಮಗುವಿಗೆ ನಾನು ಏನು ಹೇಳಲಿ! ಬಡಗಿಯ ಮಗ, ಬಿಸಿಲಲ್ಲಿ ನಡೆದವನು, ನಮ್ಮ ಹಾಗೇ ಇದ್ದಿರಬೇಕು ಎಂದೆ. ಮಕ್ಕಳ ಪುಸ್ತಕಗಳಲ್ಲಿ ನನಗೆ ಇನ್ನೊಂದು ಸೇರದ ಸಂಗತಿ, ಕತೆ ಮುಗಿದ ಕೂಡಲೇ ಬರುವ ಪ್ರಶ್ನೆಗಳು. ಈ ಕತೆಯಿಂದ ನೀನು ಕಲಿತದ್ದೇನು, ಇಂದು ನೀನು ಯಾವ ಪಾಪವನ್ನು ಬಿಡುವೆ, ಬಿಟ್ಟ ಸ್ಥಳ ತುಂಬು. ಮೂವತ್ತೆರಡು ವರ್ಷ ನಾನೂ ಬಿಟ್ಟ ಸ್ಥಳ ತುಂಬಿಸಿದ್ದೇನೆ. ಅದರಿಂದ ಯಾವ ಮಗುವೂ ಕತೆಯನ್ನು ಹೆಚ್ಚು ಪ್ರೀತಿಸಿದ್ದನ್ನು ಕಾಣೆ.

ಕಳೆದ ಬೇಸಿಗೆ ರಜೆಯಲ್ಲಿ ನಾನೊಂದು ಪ್ರಯೋಗ ಮಾಡಿದೆ. ಬೀದಿಯ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಬೇರೆ ಬೇರೆ ಪುಸ್ತಕಗಳಿಂದ ಓದಿಹೇಳಿದೆ. ಎಲ್ಲರೂ ನಮ್ಮ ಸಭೆಯ ಮಕ್ಕಳಲ್ಲ. "ಇನ್ನೊಂದ್ಸಲ" ಎಂದು ಅವರು ಕೇಳಿದ್ದನ್ನು ಗುರುತು ಹಾಕಿಕೊಂಡೆ. ಗೆದ್ದದ್ದು ಲೂಕನ ಹದಿನೈದನೆಯ ಅಧ್ಯಾಯದ ಹೆಂಗಸು. ಹತ್ತು ನಾಣ್ಯದಲ್ಲಿ ಒಂದು ಕಳೆದುಹೋಯಿತೆಂದು ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ ಹುಡುಕುತ್ತಾಳೆ. ಸಿಕ್ಕಿದ ಮೇಲೆ ನೆರೆಹೊರೆಯವರನ್ನೆಲ್ಲ ಕರೆದು ಸಂತೋಷಪಡುತ್ತಾಳೆ. "ಕರೆದೋರಿಗೆ ಕಾಫಿ ತಿಂಡಿ ಕೊಟ್ಟಿದ್ರೆ ಆ ದುಡ್ಡು ಖರ್ಚೇ ಆಗೋಗಿರುತ್ತಲ್ಲ ಅಜ್ಜಿ!" ಎಂದು ಒಬ್ಬ ಹುಡುಗ ಲೆಕ್ಕ ಹಾಕಿದ. ಎಲ್ಲರೂ ನಕ್ಕರು. ನನ್ನ ಮೊಮ್ಮಗಳು ಮಾತ್ರ ನಗದೆ, "ಹಂಗಾದ್ರೆ ದೇವ್ರು ಹಂಗೆ ಗುಡಿಸಿ ಹುಡುಕ್ತಾನಾ?" ಎಂದಳು. ಹೌದು ಎಂದೆ. "ಹಾಲು ಗಿಡಕ್ಕೆ ಹಾಕಿದ್ರೂನಾ?" ಎಂದಳು. ಎರಡು ವರ್ಷವಾಗಿತ್ತು. ಅವಳು ಮರೆತಿರಲಿಲ್ಲ.

ಇನ್ನೊಂದು ಗೆದ್ದ ಪುಸ್ತಕದಲ್ಲಿ ದೇವರ ಮಾತನ್ನು ಎದ್ದುಕಾಣುವಂತೆ ಹೇಳಿಲ್ಲ. ಸಾಗರದ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು', 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದದ್ದು. 2025ರ ಜನವರಿಯಲ್ಲಿ ತೀರಿಕೊಂಡ ಡಿಸೋಜರು ನಮ್ಮವರೇ, ಎಂದರೆ ಚರ್ಚಿನವರು. ಆದರೆ ಬರೆದದ್ದು ಎಲ್ಲ ಮಕ್ಕಳಿಗೆ. ಶರಾವತಿಯ ನೀರಿನಲ್ಲಿ ಊರು ಕಳೆದುಕೊಂಡವರ ಪರವಾಗಿ ಜೀವನವಿಡೀ ಬರೆದವರ ಪುಸ್ತಕ ವಿಶ್ವಾಸವನ್ನು ಬೆಳೆಸುವುದಿಲ್ಲವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. "ಇದ್ರಲ್ಲಿ ವಚನ ಎಲ್ಲಿದೆ?" ಎಂದು ಕೂಟದಲ್ಲಿ ಒಬ್ಬರು ಕೇಳಿದರು. ನೆರೆಯವನನ್ನು ಪ್ರೀತಿಸು ಎಂಬುದು ವಚನವಲ್ಲವೆ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆಗಬೇಕೆಂದೂ ಇಲ್ಲ.

ಈ ವರ್ಷದ ಬಹುಮಾನ ಹೀಗೆ ತೀರ್ಮಾನವಾಗಿದೆ. ದೊಡ್ಡ ಮಕ್ಕಳಿಗೆ ಡಿಸೋಜರ ಪುಸ್ತಕ. ಚಿಕ್ಕವರಿಗೆ ಕೊಂಡುಕೊಳ್ಳುವಂಥದ್ದು ಸಿಗಲಿಲ್ಲವಾದ್ದರಿಂದ ನಾವೇ ಮಾಡುತ್ತಿದ್ದೇವೆ. ಯೇಸು ಹೇಳಿದ ಆರು ಸಾಮ್ಯಗಳು, ಒತ್ತಕ್ಷರ ಕಡಿಮೆ ಇರುವ ಸಣ್ಣ ಸಣ್ಣ ವಾಕ್ಯಗಳಲ್ಲಿ, ಕೈಬರಹದಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಹೊಲಿಯುವುದು. ಬಿಟ್ಟ ಸ್ಥಳ ಇಲ್ಲ. ಒಂದೊಂದು ಪುಟ ಖಾಲಿ ಬಿಟ್ಟಿದ್ದೇವೆ, ಮಕ್ಕಳೇ ಚಿತ್ರ ಬರೆದುಕೊಳ್ಳಲಿ ಎಂದು. ನನ್ನ ಅಕ್ಷರ ಈಗ ನಡುಗುತ್ತದೆ. ನಾದಿನಿಯ ಅಕ್ಷರ ಮುತ್ತಿನಂತಿದೆ, ಹೈಸ್ಕೂಲಿನಲ್ಲಿ ಅದಕ್ಕೆ ಬಹುಮಾನ ಬಂದಿತ್ತು. ಕೇಳಲೋ ಬೇಡವೋ ಎಂದು ಹಿಂಜರಿಯುತ್ತಲೇ ಕೇಳಿದೆ. "ಕೊಟ್ಟು ಹೋಗಿ ಅತ್ತಿಗೆ, ನೋಡ್ತೀನಿ" ಎಂದಿದ್ದಳು.

ಮೊನ್ನೆ ರಾತ್ರಿ ಒಂಬತ್ತು ಗಂಟೆಗೆ ಅವಳ ಫೋನು. "ಅತ್ತಿಗೆ, ಆ ಹುಳಿಹಿಟ್ಟು ಕಲಸೋ ಹೆಂಗಸಿನ ಕತೆ ಬರೀತಿದ್ದೆ. ಹುಳಿಹಿಟ್ಟು ಅಂದ್ರೆ ಈಗಿನ ಮಕ್ಳಿಗೆ ಎಲ್ಲಿ ಗೊತ್ತಾಗುತ್ತೆ? ನಿನ್ನೆಯ ದೋಸೆಹಿಟ್ಟು ಒಂದು ಸೌಟು ಹೊಸ ಹಿಟ್ಟಿಗೆ ಹಾಕಿದ್ಲು, ಬೆಳಿಗ್ಗೆ ನೋಡಿದ್ರೆ ಪಾತ್ರೆ ತುಂಬ ಉಕ್ಕಿತ್ತು ಅಂತ ಬರೀಲಾ?"

"ಹಾಗೇ ಬರಿ" ಎಂದೆ.

"ಮತ್ತೆ, ಮೂರು ಸೇರು ಅಂತಾನೇ ಇಡ್ಲಾ? ಅಷ್ಟೊಂದು ಯಾರಿಗೆ ಕಲಸಿದ್ಲೋ ಅವಳು!"